ಔಷಧ ಹಾಕದ ತಟ್ಟೆ

ಅವರ ಬಲಗಣ್ಣಿನ ಸುತ್ತ ಸದಾ ಒಂದು ಕೆಂಪು ಬಳೆ ಮೂಡಿರುತ್ತಿತ್ತು. ದಿನವಿಡೀ ಮೈಕ್ರೋಸ್ಕೋಪಿಗೆ ಕಣ್ಣೊತ್ತಿ ಕೂತದ್ದರ ಗುರುತು. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾದ ಮೇಷ್ಟ್ರು, ಅರವತ್ತರ ದಶಕದ ಮೊದಲಲ್ಲಿ ದುರ್ಗಿಗುಡಿಯ ನನ್ನ ಹೊಸ ಕ್ಲಿನಿಕ್ಕಿನ ಹಿಂದಿನ ಕೋಣೆಯಲ್ಲಿ ಮಲಪರೀಕ್ಷೆ ಮಾಡುತ್ತಿದ್ದರು. ಆಮಶಂಕೆ ರೋಗಿಗಳ ಹೊಟ್ಟೆಯ ಅಮೀಬಾಗಳನ್ನು ಗಾಜಿನ ಕೊಳವೆಯಲ್ಲಿ ಚಿಟಿಕೆ ಅಕ್ಕಿಹಿಟ್ಟು ಹಾಕಿ ಸಾಕುವುದು ಅವರ ಹುಚ್ಚು. ಮನೆಯಲ್ಲಿ ಹೆಂಡತಿ ಊಟಕ್ಕೆ ಕಾಯುತ್ತಿದ್ದರೂ ಮೊದಲು ಅವಕ್ಕೆ ಉಣಿಸಿಯೇ ಹೊರಡುತ್ತಿದ್ದರು.

ನಾನೋ ಆಗಷ್ಟೇ ಡಾಕ್ಟರಾದವನು, ಕಾಲು ನೆಲದ ಮೇಲೆ ನಿಲ್ಲದ ವಯಸ್ಸು. ಭದ್ರಾವತಿಯ ಓಲ್ಡ್ ಟೌನಿನಿಂದ ಕುಲುಮೆ ಕೆಲಸದವನೊಬ್ಬ ಬರುತ್ತಿದ್ದ. ಆಮಶಂಕೆ ಯಕೃತ್ತಿಗೇರಿ ಬಾವಾಗಿ, ಆಳು ಅರ್ಧವಾಗಿದ್ದ. ಅದಕ್ಕೆ ಕೊಡುತ್ತಿದ್ದ ಎಮೆಟಿನ್ ಸೂಜಿಯ ನೋವೆಂದರೆ ಅವನಿಗೆ ಪ್ರಾಣಸಂಕಟ. ಅದೇ ಹೊತ್ತಿಗೆ ಔಷಧ ಮಾರುವವನೊಬ್ಬ ಆಮಶಂಕೆಗೆಂದು ಹೊಸದೊಂದು ಪುಡಿ ಕೊಟ್ಟುಹೋದ. ಚೆನ್ನಾಗಿ ಕಾಣಲೆಂದು ನಾನು ಮೇಷ್ಟ್ರ ಅಮೀಬಾಗಳನ್ನು ಅಗಲವಾದ ಗಾಜಿನ ತಟ್ಟೆಯಲ್ಲಿ ತೆಳ್ಳಗೆ ಸುರಿದು ಪುಡಿ ಬೆರೆಸಿದೆ. ಮರುದಿನ ಒಂದೂ ಮಿಸುಕಲಿಲ್ಲ. ಇನ್ನು ಸೂಜಿ ಬೇಡ, ಪುಡಿ ಸಾಕು ಎಂದು ರೋಗಿಗೆ ಹೇಳಿ ಕಳಿಸಿಯೂಬಿಟ್ಟೆ.

ಮೇಷ್ಟ್ರು ಇನ್ನೊಂದು ತಟ್ಟೆ ತಂದು ಮುಂದಿಟ್ಟರು. ನನ್ನ ತಟ್ಟೆಯ ಪಕ್ಕದಲ್ಲೇ ಪುಡಿ ಹಾಕದೆ ಇದನ್ನೂ ಇಟ್ಟಿದ್ದರಂತೆ. ಅದರಲ್ಲೂ ಎಲ್ಲ ಸತ್ತಿದ್ದವು.

“ಗಾಳಿ ತಾಗಿದ್ರೆ ಇವು ತಾವಾಗೇ ಸಾಯ್ತವೆ ಡಾಕ್ಟ್ರೇ. ಬಾವಿನೊಳಗೆ ಗಾಳಿ ಎಲ್ಲಿರುತ್ತೆ?”

ನನ್ನ ಮುಖ ಸಣ್ಣಗಾಯಿತು. ಅವರು ಅವತ್ತೇ ಹೊಸ ಕೊಳವೆಗಳನ್ನು ಹೂಡಿ, ಗಾಳಿ ಇಳಿಯದಂತೆ ಮೇಲೆ ಪ್ಯಾರಾಫಿನ್ ಎಣ್ಣೆ ಸುರಿದರು. ಮರುದಿನ ನೋಡಿದರೆ ಪುಡಿ ಹಾಕಿದ ಕೊಳವೆಯಲ್ಲಿ ಅಮೀಬಾಗಳು ಮದುವೆಮನೆಯವರ ಹಾಗೆ ಓಡಾಡುತ್ತಿದ್ದವು. ಎಮೆಟಿನ್ ಹಾಕಿದ್ದರಲ್ಲಿ ಒಂದೂ ಬದುಕಿರಲಿಲ್ಲ.

ಸಂಜೆಯ ಬಸ್ಸಿಗೇ ಇಬ್ಬರೂ ಭದ್ರಾವತಿಗೆ ಹೋದೆವು. ಜ್ವರದಲ್ಲಿ ಬೇಯುತ್ತಿದ್ದ ರೋಗಿ, ಸೂಜಿ ಬೇಡವೆಂದು ನೀವೇ ಹೇಳಿದಿರಲ್ಲ ಎಂದು ಗೋಡೆಗೆ ಮುಖ ತಿರುಗಿಸಿದ. ನಾನು ತಲೆ ತಗ್ಗಿಸಿ ಸೂಜಿಯ ಡಬ್ಬಿ ಬಿಚ್ಚತೊಡಗಿದೆ. ಮೇಷ್ಟ್ರು ಚಾಪೆಯ ಮೇಲೆ ಅವನ ಪಕ್ಕ ಕೂತರು.

“ತಪ್ಪು ನಮ್ದೇ ಮಾರಾಯ. ನಿನ್ ಹೊಟ್ಟೇನ ಗಾಜಿನ ತಟ್ಟೆ ಅಂದ್ಕೊಂಡ್ಬಿಟ್ವಿ. ತೋಳು ಕೊಡು.”

ನನ್ನೊಬ್ಬನ ತಪ್ಪನ್ನು ಅವರು ‘ನಮ್ದೇ’ ಎಂದರು. ಅವನು ತೋಳು ಕೊಟ್ಟ.

ಏಳಬಾರದೆಂದು ಹಾಸಿಗೆಯಲ್ಲೇ ಮಲಗಿಸಿ ದಿನವೂ ಹೋಗಿ ಚುಚ್ಚಿದೆ. ಜ್ವರ ಇಳಿಯಿತು, ಬಾವು ಕರಗಿತು, ಕೆಲವು ತಿಂಗಳಲ್ಲಿ ಆಳು ಕುಲುಮೆಯ ಮುಂದೆ ನಿಂತಿದ್ದ. ಗೆದ್ದುಬಿಟ್ಟೆವು! ಆ ದಿನ ಮೇಷ್ಟ್ರಿಗೆ ಮಸಾಲೆದೋಸೆ ಕೊಡಿಸಿ ಬಾಯ್ತುಂಬ ಹೊಗಳಿದೆ. ಅವರು ತಟ್ಟೆಯಿಂದ ತಲೆಯೆತ್ತದೆ, ಇನ್ನೊಂದು ದೋಸೆ ಹೇಳಿ ಎಂದರು.

ಕೆಲವು ವರ್ಷಗಳ ನಂತರ ಮೇಷ್ಟ್ರು ತೀರಿಕೊಂಡರು. ಸುದ್ದಿ ತಿಳಿದ ಕುಲುಮೆಯವನು ಮೊದಲ ಬಸ್ಸಿಗೇ ಬಂದು, ಯಾರನ್ನೂ ಕೇಳದೆ ಚಟ್ಟಕ್ಕೆ ಹೆಗಲು ಕೊಟ್ಟ. ದಾರಿಯಲ್ಲಿ ಕೋಟೆಯ ಹತ್ತಿರ ನಾನು ಅವನಿಂದ ಹೆಗಲು ಬದಲಿಸಿಕೊಳ್ಳಲು ಹೋದೆ.

“ನೀವು ಸುಮ್ನೆ ಬನ್ನಿ ಡಾಕ್ಟ್ರೇ,” ಎಂದ. “ನಂಗೇನೂ ಸುಸ್ತಿಲ್ಲ.”