ಮುಂಬೈಯಿಂದ ತಂದ ವಾರೆ ರೊಟ್ಟಿಗಳು

ನಮ್ಮೂರು ಏಕಸಂಬಿಯಿಂದ ರಾಯಬಾಗಕ್ಕೆ ಎರಡು ಬಸ್ಸು ಬದಲಿಸಿದೆವು. ತಲೆಗೆ ಮೂವತ್ತೆರಡು ರೂಪಾಯಿ, ಜೋಳದ ಹಿಟ್ಟಿನ ಎರಡು ಚೀಲಕ್ಕೆ ಬೇರೆ ಟಿಕೀಟು. ಅಲ್ಲಿಂದ ರೈಲು. ನಮ್ಮ ಮಹಿಳಾ ಸಂಘಕ್ಕೆ ಮುಂಬೈಯ ಒಂದು ಪ್ರದರ್ಶನದಲ್ಲಿ ಮೂರು ದಿನದ ಮಳಿಗೆ ಸಿಕ್ಕಿತ್ತು. ಮಾರುವವಳು ಸಂಘದ ಹಿರಿಯಳಾದ ಸುಶೀಲಕ್ಕ, ರೊಟ್ಟಿ ಬಡಿಯುವವಳು ನಾನು. ಮಕ್ಕಳೇ, ನಿಮ್ಮ ಅಜ್ಜ ತೀರಿಕೊಂಡ ಮೇಲೆ ನಾಲ್ಕು ಜನರ ಮುಂದೆ ನಾನು ಬಾಯಿ ತೆರೆದವಳಲ್ಲ. ಅದಕ್ಕಿಂತ ಮೊದಲೂ ಅಷ್ಟಕ್ಕಷ್ಟೇ.

"ನೀ ಬರೇ ರೊಟ್ಟಿ ಬಡಿ ಬೇ, ಮಾತು ನನಗ ಬಿಡು" ಎಂದು ಸುಶೀಲಕ್ಕ ಹೇಳಿದ್ದಕ್ಕೇ ಹೊರಟಿದ್ದೆ.

ಬೆಳಿಗ್ಗೆ ದಾದರಿನಲ್ಲಿ ಇಳಿದೆವು. ಚಿಕ್ಕೋಡಿಯ ಸಂತೆಯೆಲ್ಲ ಒಂದೇ ಮೆಟ್ಟಿಲು ಹತ್ತಿದಂತಿತ್ತು: ಬುರ್ಖಾ, ಕಚ್ಚೆ ಸೀರೆ, ಪ್ಯಾಂಟು, ಮುಡಿ ತುಂಬ ಮಲ್ಲಿಗೆ. ಕಿವಿಗೆ ಬಿದ್ದ ಮಾತುಗಳಲ್ಲಿ ಮರಾಠಿ, ಹಿಂದಿ ಬಿಟ್ಟರೆ ಉಳಿದವು ಯಾವ ಊರಿನವೋ ತಿಳಿಯಲಿಲ್ಲ.

ಮೊದಲ ದಿನ ಸುಶೀಲಕ್ಕ "ಯಾ ಹೋ, ಗರಮ್ ಭಾಕರಿ!" ಎಂದು ಮರಾಠಿಯಲ್ಲಿ ಬಿಸಿ ರೊಟ್ಟಿಗೆ ಜನರನ್ನು ಕೂಗಿ ಕೂಗಿ ಕರೆದು ಒಂದು ಚೀಲ ಖಾಲಿ ಮಾಡಿಸಿದಳು. ಸಂಜೆ ಸಮುದ್ರಕ್ಕೆ ಹೋದೆವು. ನಮ್ಮ ದೂಧಗಂಗಾ ಹೊಳೆಗೆ ಆಚೆ ದಂಡೆ ಇದೆ. ಇದಕ್ಕೆ ಎಷ್ಟು ಕಣ್ಣು ಕಿರಿದು ಮಾಡಿ ನೋಡಿದರೂ ಇಲ್ಲ. ನಾನು ಸೀರೆ ಎತ್ತಿ ಹಿಡಿದು ಅಲೆ ಮೆಟ್ಟುತ್ತ ನಕ್ಕೆ. ಸುಶೀಲಕ್ಕ ಬಣ್ಣದ ಐಸ್ ಗೋಲಾ ಮೂರು ತಿಂದಳು. ಮರುದಿನ ಅವಳ ಗಂಟಲಿನಿಂದ ಗಾಳಿ ಬಿಟ್ಟರೆ ಏನೂ ಹೊರಡಲಿಲ್ಲ.

ಮಧ್ಯಾಹ್ನದವರೆಗೆ ಜನ ನಮ್ಮನ್ನು ದಾಟಿ ಹೋಗುತ್ತಲೇ ಇದ್ದರು. ಎರಡನೆಯ ಚೀಲದ ಬಾಯಿ ಬಿಚ್ಚಿರಲಿಲ್ಲ. ಆ ಜೋಳ ಹಸನು ಮಾಡಿ ಬೀಸಿ ಕೊಟ್ಟ ಹೆಂಗಸರ ಮುಂದೆ ಅದನ್ನು ಹಾಗೇ ಹೊತ್ತುಕೊಂಡು ಹೋಗಿ ನಿಲ್ಲುವುದು ಹೇಗೆ? ಕೂಗಬೇಕೆಂದು ಎರಡು ಸಲ ಬಾಯಿ ತೆರೆದೆ. ಎರಡು ಸಲವೂ ಸೆರಗಿನಿಂದ ಬಾಯಿ ಒರೆಸಿಕೊಂಡೆ.

ಪಕ್ಕದ ಮಳಿಗೆಯಲ್ಲಿ ಹಪ್ಪಳ ಮಾರುತ್ತಿದ್ದ ಧಾರಾವಿಯ ತಮಿಳು ಹೆಂಗಸು ಬಂದು, ತಾನೂ ಬಡಿಯಲೇ ಎಂದು ಕೈಸನ್ನೆ ಮಾಡಿದಳು. ಒಂದು ಉಂಡೆ ಕೊಟ್ಟೆ. ಅವಳು ಡೋಲು ಬಾರಿಸಿದಂತೆ ಎರಡೂ ಕೈಯಿಂದ ಬಾರಿಸಿದಳು. ಅಂಚು ಸೀಳಿತು. ನನಗೆ ತಡೆಯಲಾಗಲಿಲ್ಲ.

"ಹಂಗಲ್ಲ ಬೇ! ಏನ್ ಸಿಟ್ಟ ಐತಿ ಅದರ ಮ್ಯಾಲ? ತಿರಗಿಸು, ತಿರಗಿಸ್ಕೊಂತ ಬಡಿ!"

ಪ್ರದರ್ಶನದ ಅರ್ಧ ಮಂಟಪವೇ ತಿರುಗಿ ನೋಡಿತು. ಅವಳಿಗೆ ಒಂದಕ್ಷರ ತಿಳಿಯದಿದ್ದರೂ ರೊಟ್ಟಿ ತಿರುಗತೊಡಗಿತು. ನೋಡಲು ನಿಂತವರು ತಾವೂ ಕೈ ತೊಳೆದುಕೊಂಡು ಬಂದರು: ಒಬ್ಬ ಗುಜರಾತಿ ಮುದುಕಿ, ಬುರ್ಖಾ ತೊಟ್ಟ ಕಾಲೇಜು ಹುಡುಗಿ, ಟೈ ಕಟ್ಟಿದ ಸಾಹೇಬರೊಬ್ಬರು.

"ಸಾಹೇಬ್ರ, ಟೈ ಹಿಟ್ಟಿನಾಗ ಬೀಳಾಕತ್ತೈತ್ರಿ, ಹೆಗಲ ಮ್ಯಾಲ ಒಗೀರಿ!" ಎಂದೆ. ಬೆರಳು ತೋರಿಸಿದ್ದರಿಂದ ಎಲ್ಲರಿಗೂ ತಿಳಿದು ನಗೆಯೋ ನಗೆ. ತಮ್ಮ ರೊಟ್ಟಿ ನೋಡಿಕೊಂಡವರೆಲ್ಲ ನನ್ನ ರೊಟ್ಟಿ ಕೊಂಡರು. ಮೂರನೆಯ ದಿನ ಮಧ್ಯಾಹ್ನಕ್ಕೆ ಚೀಲ ಜಾಡಿಸಿದೆ.

ಸುಶೀಲಕ್ಕ ಕೀರಲು ದನಿಯಲ್ಲಿ, "ಎಲವ್ವಾ, ಇಷ್ಟ ದಿನ ಈ ಬಾಯಿ ಎಲ್ಲಿ ಇಟ್ಟಿದ್ದೆವ್ವಾ?" ಎಂದಳು.

ಬಡಿಯಲು ಬಂದವರು ಬಿಟ್ಟುಹೋದ ತಮ್ಮ ರೊಟ್ಟಿಗಳನ್ನು ಹಂಚಿನ ಮೇಲೆ ಖಡಕ್ ಮಾಡಿ ಬಟ್ಟೆಯಲ್ಲಿ ಕಟ್ಟಿ ತಂದೆ. ಅವನ್ನು ಮೊಸರಿನಲ್ಲಿ ನೆನೆಸಿ ತಿನ್ನುತ್ತ ನೀವು, "ಅಜ್ಜಿ, ನಿನ್ನ ಕೈ ತಪ್ಪೇತಿ, ಎಲ್ಲಾ ವಾರಿ ಆಗ್ಯಾವ" ಎಂದು ನಕ್ಕಿರಿ. ಆಗ ನಾಚಿ ಸುಮ್ಮನಿದ್ದೆ. ಈಗ ಹೇಳುತ್ತೇನೆ: ಮೂರು ಮೂಲೆಯದು ಟೈ ಸಾಹೇಬರದು. ನಡುವೆ ತೂತಿದ್ದದ್ದು ಗುಜರಾತಿ ಮುದುಕಿಯದು. ಅಂಚು ಸೀಳಿದ್ದು, ನನ್ನ ಬಾಯಿ ಬಿಡಿಸಿದ ಧಾರಾವಿಯ ಅಕ್ಕನದು. ಅದನ್ನು ಮಾತ್ರ ನಿಮಗೆ ಕೊಡದೆ ನಾನೇ ತಿಂದೆ.