ಜೇಬು ನೋಡುವ ಡಾಕ್ಟರು
ಬೀದಿ ಕೊನೆಯ ಕ್ಲಿನಿಕ್ಕಿನ ಡಾಕ್ಟರ ಪ್ರಕಾರ ನಲವತ್ತರ ಮೇಲೆ ಬಂದ ಸಕ್ಕರೆ ಕಾಯಿಲೆಯೆಲ್ಲ ಬಾಯಿಚಪಲದ್ದೇ. ರೋಗಿ ಕೂರುವ ಮೊದಲೇ “ಬಾಯಿ ಕಟ್ರೀ!” ಎಂದು ಗುಡುಗುವರು, ಅಂಗಿ ಜೇಬಿಗೇ ಕೈ ಹಾಕುವರು, ಸಿಕ್ಕ ಮಿಠಾಯಿಯನ್ನು ಜಪ್ತಿ ಮಾಡಿ ಮೇಜಿನ ಖಾನೆಗೆ ಎಸೆಯುವರು. ಅವರ ತಲೆ ಕೆಡಿಸಿದವರು ನಲವತ್ತು ದಾಟಿದ, ಶಾಲೆಯ ಡ್ರಿಲ್ ಮೇಷ್ಟ್ರು. ಮಾತ್ರೆ ಏರಿಸಿದಷ್ಟೂ ಮೇಷ್ಟ್ರ ಸಕ್ಕರೆಯೂ ಏರುತ್ತಿತ್ತು, ಜೇಬು ಮಾತ್ರ ಖಾಲಿ. “ಎಲ್ಲಿ ಬಚ್ಚಿಡ್ತೀರ್ರೀ?” ಎಂದು ಒಂದು ದಿನ ರೇಗಿ ಪ್ಯಾಂಟಿನ ಜೇಬಿಗೂ ಕೈ ಹಾಕಿದರೆ ಪ್ಯಾಂಟೇ ಜಾರಿತು. ಬೆಲ್ಟಿನ ತುಂಬ, ಸೊಂಟ ಕರಗಿದಂತೆಲ್ಲ ಮೊಳೆಯಿಂದ ಹೊಸದಾಗಿ ಕೊರೆದ ತೂತುಗಳು. “ಆಣೆಗೂ ಸಿಹಿ ಮುಟ್ಟಿಲ್ಲ ಸಾರ್,” ಎಂದು ಮೇಷ್ಟ್ರು ಪ್ಯಾಂಟು ಹಿಡಿದುಕೊಂಡರು. ಡಾಕ್ಟರು ಆ ತೂತುಗಳನ್ನು ಎಣಿಸಿ ಬೇರೆಯೊಂದು ರಕ್ತಪರೀಕ್ಷೆ ಬರೆದರು. ಅದರ ವರದಿಯ ಪ್ರಕಾರ ಮೇಷ್ಟ್ರ ದೇಹವೇ ತನ್ನೊಳಗೆ ಇನ್ಸುಲಿನ್ ತಯಾರಾಗುವ ಜಾಗವನ್ನು ಹಾಳುಗೆಡವುತ್ತಿತ್ತು. ಅದು ಮಾತ್ರೆಗೆ ಬಗ್ಗುವ ಕಾಯಿಲೆಯೇ ಅಲ್ಲ, ಇನ್ಸುಲಿನ್ ಸೂಜಿಯೇ ಬೇಕಿತ್ತು. ತಪ್ಪಾಯಿತು ಎನ್ನುವುದು ಡಾಕ್ಟರ ಜಾಯಮಾನವಲ್ಲ. ಸೂಜಿಯಿಂದ ಮತ್ತೆ ಮೈ ತುಂಬಿಕೊಂಡ ಮೇಷ್ಟ್ರು ಈಗ ಬಂದರೂ ಡಾಕ್ಟರು ಮೊದಲು ಅವರ ಜೇಬಿಗೇ ಕೈ ಹಾಕುತ್ತಾರೆ. ಖಾಲಿಯಿದ್ದರೆ ಮೇಜಿನ ಖಾನೆ ಎಳೆದು, ಜಪ್ತಿಯಾದ ಮಿಠಾಯಿಗಳನ್ನು ಹಿಡಿ ತುಂಬ ತೆಗೆದು ಆ ಜೇಬಿಗೆ ತುರುಕುತ್ತಾರೆ: “ಸೂಜಿಯಿಂದ ಸಕ್ಕರೆ ತೀರಾ ಇಳಿದು ಕೈ ನಡುಗಿದ್ರೆ ತಿನ್ನೋಕೆ ಸಿಹಿ ಇಟ್ಕೊಳ್ರೀ ಅಂತ ಎಷ್ಟು ಸಲ ಬಡ್ಕೊಳ್ಳೋದು?”