ಕಿಚ್ಚು ಹಾಯ್ದ ಕನಕಮ್ಮ

ಗುಮ್ಮಳಾಪುರದ ಕನಕಮ್ಮನಿಗೆ ಐವತ್ತೆರಡು ವರ್ಷ. ಎರಡೆಕರೆಯಲ್ಲಿ ರಾಗಿ, ಅವರೆ ಬೆಳೆಯುತ್ತಾಳೆ; ನೇಗಿಲು ಹಿಡಿಯುವುದೂ ಅವಳೇ. ಮೂರು ವರ್ಷದ ಹಿಂದೆ, ಸಂಕ್ರಾಂತಿಯ ಸಂಜೆ ಊರ ಮುಂದೆ ಹುಲ್ಲು ಹರಡಿ ಬೆಂಕಿ ಹಚ್ಚಿ ದನಗಳನ್ನು ಕಿಚ್ಚು ಹಾಯಿಸುವಾಗ, ಕೆಂದ ಎಂಬ ಅವಳ ಎತ್ತು ಉರಿಯೆದುರು ನಿಂತುಬಿಟ್ಟಿತು. ಎಳೆದರೂ ಬಡಿದರೂ ಕದಲಲಿಲ್ಲ. ಯುಗಾದಿಗೆ ಮೊದಲೇ ಅವಳ ಗಂಡ ತೀರಿಕೊಂಡ.

"ಕಿಚ್ಚಿಗೆ ಬೆನ್ನು ಕೊಟ್ಟ ಎತ್ತು ಮನೆ ತಿಂತದೆ. ಮಾರ್ಬುಡು," ಎಂದ ಊರ ಹಿರಿಯ ಪಾಪಣ್ಣ.

ಕನಕಮ್ಮ ಮಾರಲಿಲ್ಲ. ಆದರೆ ಮುಂದಿನ ಎರಡು ಹಬ್ಬಕ್ಕೂ ಕೆಂದನನ್ನು ಕೊಟ್ಟಿಗೆಯಿಂದ ಬಿಚ್ಚಲೂ ಇಲ್ಲ. ಅವಳಿಗೂ ಒಳಗೊಳಗೇ ಅಳುಕು.

ಹೋದ ಕಾರ್ತಿಕದಲ್ಲಿ ಮೇವು ಹಾಕುವಾಗ ಅವಳ ಕೈ ಎಡಗಣ್ಣಿನ ಹತ್ತಿರ ಹೋದರೂ ಕೆಂದ ರೆಪ್ಪೆ ಬಡಿಯಲಿಲ್ಲ. ಬೇರಿಕೆಯಿಂದ ದನದ ಡಾಕ್ಟರನ್ನು ಕರೆಸಿದಳು. "ಪೊರೆ ಬಂದು ಈ ಕಣ್ಣು ಹೋಗಿ ಮೂರ್ನಾಕು ವರ್ಷ ಆಗೈತೆ," ಎಂದರು ಅವರು. ಆ ಸಂಕ್ರಾಂತಿಯಂದು ಜನ ಎಡಗಡೆಯಿಂದಲೇ ಕೂಗಿ ತಮಟೆ ಬಡಿದದ್ದು ಅವಳಿಗೆ ನೆನಪಾಯಿತು; ಕಾಣದ ಕಡೆಯ ಗದ್ದಲಕ್ಕೇ ಕೆಂದ ಬೆದರಿತ್ತು.

ಅಂದಿನಿಂದ ದಿನಾ ಬೆಳಗ್ಗೆ ಹೊಲದಲ್ಲಿ ಹಿಡಿ ಹುಲ್ಲಿಗೆ ಬೆಂಕಿಯಿಟ್ಟು, ತಾನು ಎಡಗಡೆ ನಿಂತು, ಕುತ್ತಿಗೆ ಸವರುತ್ತ ದಾಟಿಸಿದಳು. ಹಿಡಿ ಹೋಗಿ ಹೊರೆಯಾಯಿತು.

ಈ ಸಂಕ್ರಾಂತಿಗೆ ಕೆಂದನ ಮೈ ತೊಳೆದು, ಕೊಂಬಿಗೆ ಬಣ್ಣ ಬಳಿದು, ತಾನೇ ಹಗ್ಗ ಹಿಡಿದು ಬಂದಳು. ಪಾಪಣ್ಣ ಅಡ್ಡ ನಿಂತ.

"ಗಂಡ ಸತ್ತೋಳು ಕಿಚ್ಚು ಹಾಯೋದುಂಟೇನಮ್ಮ? ಊರಿಗೇ ಅಪಶಕುನ!"

"ಎತ್ತಿಗೆ ಎಡಗಣ್ಣು ಕಾಣ್ಸಲ್ಲ ಕಣಣ್ಣ. ಆ ಕಡೆ ನಾನಿದ್ರೇನೇ ಅದು ಓಡೋದು. ದಾರಿ ಬುಡು."

ಸೆರಗು ಸೊಂಟಕ್ಕೆ ಬಿಗಿದು ಓಡಿದಳು. ಉರಿ ಮೊಣಕಾಲುದ್ದ ಎದ್ದಿತ್ತು. ಕೆಂದ ಕಿವಿ ನಿಗುರಿಸಿ ಒಂದು ಕ್ಷಣ ತಡೆದು ನಿಂತಿತು.

"ಹೋಗ್ಲಾ, ನನ್ ಮಗ್ನೆ!"

ಎತ್ತು ಜಿಗಿಯಿತು, ಜೊತೆಗೆ ಅವಳೂ. ಕಿಡಿಗಳ ಆಚೆ ಇಬ್ಬರೂ ಬಂದಾಗ ಊರಿಗೆ ಊರೇ ಹೋ ಎಂದು ಕೂಗಿತು.

ಅದರ ಹಿಂದೆಯೇ ಪಾಪಣ್ಣನ ಕಡಸು ಬೆಂಕಿ ಕಂಡು ಹಿಮ್ಮೆಟ್ಟಿತು. ಅವನು ಎಲ್ಲೋ ನೋಡುತ್ತ, "ಇದನ್ನೂ ಒಂದ್ಸಲ ಹಿಡ್ಕಳವ್ವ," ಎಂದ. ಕನಕಮ್ಮ ಹಿಡಿದಳು. ಉರಿ ತಣಿಯುವುದರೊಳಗೆ ಇನ್ನೂ ನಾಲ್ಕು ಮನೆಯ ದನಗಳನ್ನು ದಾಟಿಸಿದಳು.

ಹಬ್ಬಕ್ಕೆಂದು ಹೊಸೂರಿನ ಫ್ಯಾಕ್ಟರಿಗೆ ರಜೆ ಹಾಕಿ ಬಂದಿದ್ದ ಮಗಳು ಸರಳಾ, ಸುಟ್ಟ ಸೀರೆಯಂಚು ನೋಡಿ ಬೈದಳು. ಕನಕಮ್ಮ ನಗುತ್ತಲೇ ಸಿಹಿಪೊಂಗಲಿನ ದೊಡ್ಡ ಉಂಡೆಯೊಂದನ್ನು ಕೆಂದನ ಬಾಯಿಗಿಟ್ಟಳು.